ಅಮೆರಿಕದಿಂದ ಮಗ ಊರಿಗೆ ಬರೋಕೆ ಎಷ್ಟು ಗಂಟೆ ಬೇಕು? ವಿಮಾನದ ಲೆಕ್ಕವೇ ಬೇರೆ, ಮನೆ ತಲುಪೋ ಲೆಕ್ಕವೇ ಬೇರೆ

ಹಾಸನ: ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ನೆಂಟರು ಕೇಳುವ ಮೊದಲ ಪ್ರಶ್ನೆ, ‘ಎಷ್ಟೊತ್ತಿಗೆ ಬರ್ತಾರೆ?’ ‘ವಿಮಾನದಲ್ಲಿ 17 ಗಂಟೆ ಅಂತೆ, ನಾಳೆ ಬಂದುಬಿಡ್ತಾರೆ’ ಅಂತ ಯಾರೋ ಹೇಳ್ತಾರೆ. ಅದನ್ನೇ ನಂಬಿ ಅಂತ್ಯಕ್ರಿಯೆಗೆ ಹೊತ್ತು ಗೊತ್ತು ಮಾಡಿದರೆ, ಅವರು ಇನ್ನೂ ದಾರಿಯಲ್ಲಿರುವಾಗಲೇ ಎಲ್ಲ ಮುಗಿದುಹೋಗುತ್ತದೆ.

ದೂರ ಎಷ್ಟು?

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 14,000 ಕಿ.ಮೀ. ಗೋಡೆಯ ಭೂಪಟ ನೋಡಿದರೆ ಸಮುದ್ರ ದಾಟಿ ಅಡ್ಡಕ್ಕೆ ಹೋಗಬೇಕು ಅನಿಸುತ್ತದೆ. ಆದರೆ ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರವೇ ಹಾಯುತ್ತದೆ. ಅದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಇದೇ ದಾರಿಯಲ್ಲಿ ಮೊದಲ ನೇರ ವಿಮಾನವನ್ನು ಬೆಂಗಳೂರಿಗೆ ತಂದಿತ್ತು. ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ವಿಮಾನ ಇಲ್ಲಿಗೆ ಇಳಿದದ್ದು 11ರ ನಸುಕಿನಲ್ಲಿ. ಹಾರಿದ್ದು ಸುಮಾರು 17 ಗಂಟೆ, ಕ್ಯಾಲೆಂಡರಿನಲ್ಲಿ ಮಾತ್ರ ಎರಡು ದಿನ.

ದಿನ ಎಲ್ಲಿ ಹೋಯ್ತು?

ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಅಲ್ಲಿಯದ್ದು, ಇಳಿಯುವ ಹೊತ್ತು ಇಲ್ಲಿಯದ್ದು. ಎರಡನ್ನೂ ಒಂದೇ ಗಡಿಯಾರ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ

ಜನವರಿಯ ಒಂದು ಸೋಮವಾರ ರಾತ್ರಿ 8ಕ್ಕೆ ಹಾಸನದಿಂದ ಫೋನ್ ಹೋಯಿತು ಅಂದುಕೊಳ್ಳಿ. ಅಲ್ಲಿ ಆಗ ಸೋಮವಾರ ಬೆಳಿಗ್ಗೆ 6.30. ಟಿಕೆಟ್ ಸಿಕ್ಕಿ ಅದೇ ದಿನ ರಾತ್ರಿ 8.30ಕ್ಕೆ ವಿಮಾನ ಹತ್ತಿದರೂ ನಮಗಾಗಲೇ ಮಂಗಳವಾರ ಬೆಳಿಗ್ಗೆ 10 ಗಂಟೆ. ನೇರ ವಿಮಾನವಾದರೆ ಬುಧವಾರ ನಸುಕಿನ 3ಕ್ಕೆ ಬೆಂಗಳೂರು. ಇಮಿಗ್ರೇಷನ್, ಲಗೇಜ್ ಅಂತ ಒಂದೂವರೆ ಗಂಟೆ. ದೇವನಹಳ್ಳಿಯಿಂದ ಹಾಸನಕ್ಕೆ ಕಾರಿನಲ್ಲಿ ಸುಮಾರು 4 ಗಂಟೆ. ಮನೆ ಮುಟ್ಟುವಾಗ ಬುಧವಾರ ಬೆಳಿಗ್ಗೆ 8.30. ಅಂದರೆ ಫೋನ್ ಮಾಡಿ ಮೂವತ್ತಾರೂವರೆ ಗಂಟೆ.

ನೇರ ವಿಮಾನ ಸಿಕ್ಕೇ ಸಿಗುತ್ತೆ ಅನ್ನೋ ಹಾಗಿಲ್ಲ. ದುಬೈ ಮೇಲೆ ಬಂದರೆ ಹಾರಾಟವೇ ಸುಮಾರು 20 ಗಂಟೆ, ನಡುವೆ ಕಾಯೋದು ಬೇರೆ. ಆಗ ಊರು ತಲುಪೋದು ಬುಧವಾರ ಮಧ್ಯಾಹ್ನದ ಮೇಲೆ.

ಕಾಗದಪತ್ರ ಮರೆಯಬೇಡಿ

ಅಮೆರಿಕದ ಪೌರತ್ವ ಪಡೆದವರ ಹತ್ತಿರ ಒಸಿಐ ಕಾರ್ಡ್ ಅಥವಾ ಭಾರತದ ವೀಸಾ ಇರಲೇಬೇಕು. ಇಲ್ಲದಿದ್ದರೆ ವಿಮಾನ ಹತ್ತಿಸಲ್ಲ. ಅಲ್ಲಿ ಕೆಲಸದ ವೀಸಾದಲ್ಲಿದ್ದು, ಪಾಸ್‌ಪೋರ್ಟ್‌ನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಬರೋಕೆ ತೊಂದರೆ ಇಲ್ಲ, ವಾಪಸ್ ಹೋಗೋಕೆ ಹೊಸ ಮುದ್ರೆ ಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರು ಇರುವವರು ಇದನ್ನೆಲ್ಲ ಮೊದಲೇ ಸರಿಮಾಡಿ ಇಟ್ಟುಕೊಳ್ಳೋದು ಒಳ್ಳೆಯದು.

ಮನೆಯವರು ಏನು ಮಾಡಬೇಕು?

‘ಎಷ್ಟು ಗಂಟೆ ಪ್ರಯಾಣ’ ಅಂತ ಕೇಳಬೇಡಿ. ‘ಬೆಂಗಳೂರಲ್ಲಿ ಯಾವ ವಾರ, ಎಷ್ಟು ಗಂಟೆಗೆ ಇಳೀತೀಯ’ ಅಂತ ಕೇಳಿ. ಅದಕ್ಕೆ ಇನ್ನೂ 6 ಗಂಟೆ ಸೇರಿಸಿ ನೆಂಟರಿಗೆ ತಿಳಿಸಿ. ಕಾಯುವುದಾದರೆ ಫ್ರೀಜರ್ ಬಾಕ್ಸ್ ಅನ್ನು ಎರಡು ದಿನಕ್ಕೇ ಹೇಳಿಡಿ. ಕಾಯೋಕೆ ಆಗಲ್ಲ ಅನ್ನೋದಾದರೆ ಅವರು ವಿಮಾನ ಹತ್ತುವ ಮುಂಚೆಯೇ ತಿಳಿಸಿ, ಹತ್ತಿದ ಮೇಲೆ ಫೋನ್ ಸಿಗೋದು ಕಷ್ಟ.