ಮೊಣಕಾಲಿನ ಕೀಲೂ ಯಂತ್ರದ ತೋಳೂ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ, ಕೃಷ್ಣರಾಜನಗರದ ಬತ್ತದ ಬಯಲಿನಲ್ಲಾಗಲಿ, ಹೆಗ್ಗಡದೇವನಕೋಟೆಯ ಹತ್ತಿಯ ಸಾಲುಗಳಲ್ಲಾಗಲಿ ದುಡಿಯುವವರಿಗೆ ಕುಕ್ಕರಗಾಲಿನಲ್ಲಿ ಕೂರುವುದು ಉಸಿರಾಟದಷ್ಟೇ ಸಹಜ. ವಯಸ್ಸಾದ ಮೇಲೆ ಹಾಗೆ ಕೂತವರಲ್ಲಿ ಅನೇಕರು ನೆಲಕ್ಕೆ ಕೈಯೂರದೆ ಏಳಲಾರರು. ಇದು ಬಹುಮಟ್ಟಿಗೆ ಸವೆತದ ಸಂಧಿವಾತದ ಫಲ.

ಮೊಣಕಾಲಿನಲ್ಲಿ ಸಂಧಿಸುವ ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರು ದಪ್ಪದ ಮೃದ್ವಸ್ಥಿಯ ಹೊದಿಕೆಯುಂಟು. ಅದರಲ್ಲಿ ರಕ್ತನಾಳಗಳಿಲ್ಲವಾದುದರಿಂದ ಸವೆದುದು ಮತ್ತೆ ಬೆಳೆಯುವುದು ದುರ್ಲಭ. ಕೊನೆಗೆ ಮೂಳೆಯು ಮೂಳೆಯನ್ನೇ ಉಜ್ಜತೊಡಗುತ್ತದೆ. ಸವೆದ ತುದಿಗಳನ್ನು ಕೊಯ್ದು ಲೋಹದ ಕವಚ ತೊಡಿಸಿ, ನಡುವೆ ಪಾಲಿಎಥಿಲೀನಿನ ಬಿಲ್ಲೆಯನ್ನಿಡುವ ಚಿಕಿತ್ಸೆ 1970ರ ದಶಕದಿಂದ ರೂಢಿಗೆ ಬಂದಿತು.

ಇದರ ಗುಟ್ಟೆಲ್ಲ ಕೊಯ್ತದ ಕೋನದಲ್ಲಿದೆ. ಗಾಡಿಯ ಅಚ್ಚು ಓರೆಯಾದರೆ ಚಕ್ರವು ಒಂದೇ ಮಗ್ಗುಲಲ್ಲಿ ಸವೆಯುವುದಿಲ್ಲವೆ? ರೋಬಾಟಿಗೆ ಕೆಲಸವಿರುವುದು ಇಲ್ಲಿಯೇ. ಮೂಳೆಗೆ ನೆಟ್ಟ ಗುರುತುಗಳ ಮೂಲಕ ಕ್ಯಾಮೆರಾ ಕಾಲಿನ ಚಲನೆಯನ್ನು ಹಿಂಬಾಲಿಸುತ್ತದೆ. ಗರಗಸವು ಮೊದಲೇ ಗೊತ್ತುಮಾಡಿದ ಗಡಿಯನ್ನು ಮೀರದಂತೆ ಯಂತ್ರದ ತೋಳು ತಡೆಯುತ್ತದೆ. ಸಾಮಾನ್ಯವಾಗಿ ಗರಗಸ ಹಿಡಿದ ಕೈ ಮಾತ್ರ ವೈದ್ಯನದೇ. ಯಂತ್ರಮಾನವನನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಶೆಯಾದೀತು!

ಇದರಿಂದ ಕೊಯ್ತವು ಹೆಚ್ಚು ಕರಾರುವಾಕ್ಕಾಗುವುದು ನಿಜ. ಕೀಲು ಹೆಚ್ಚು ವರ್ಷ ಬಾಳುವುದೆಂಬುದು ಇನ್ನೂ ಸಿದ್ಧವಾಗಿಲ್ಲ. ನುರಿತ ಕೈಯ ಹಳೆಯ ಕ್ರಮವನ್ನು ಹೀಗಳೆಯಲಾಗದು. ಒಕ್ಕಲಿಗನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೊಸ ಕೀಲಿನಿಂದ ನೋವಿಲ್ಲದೆ ನಡೆಯಬಹುದು, ಮೆಟ್ಟಿಲೇರಬಹುದು. ಆದರೆ ಕುಕ್ಕರಗಾಲಿನಲ್ಲಿ ಕೂರುವುದನ್ನು ವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಶಸ್ತ್ರಕ್ರಿಯೆಗೆ ಮುಂಚೆಯೇ ಮನೆಯಲ್ಲಿ ಎತ್ತರದ ಪೀಠದ ಕಕ್ಕಸನ್ನು ಕಟ್ಟಿಸಬೇಕು, ಕಳೆ ಕೀಳಲು ಬೇರೆ ಆಳನ್ನು ಗೊತ್ತುಮಾಡಬೇಕು.