ಸರ್ವರ್ ಚಾಸಿಗಳು ಮತ್ತು ಹೋಸ್ಟ್‌ಗಳ ನಿರ್ವಹಣೆ

ಡೇಟಾ ಸೆಂಟರ್‌ಗಳಲ್ಲಿ ಸರ್ವರ್‌ಗಳನ್ನು ಬಿಡಿಬಿಡಿಯಾಗಿ ಇಡುವ ಬದಲು ಒಂದೇ ಲೋಹದ ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸುವ ಪದ್ಧತಿ ಇದೆ. ಆ ಪೆಟ್ಟಿಗೆ ಚಾಸಿ. ಅದರೊಳಕ್ಕೆ ಜಾರಿಸಿ ಕೂರಿಸುವ ತೆಳ್ಳನೆಯ ಸರ್ವರ್ ಬ್ಲೇಡ್. ಪ್ರತಿ ಬ್ಲೇಡ್‌ಗೂ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುತ್ತದೆ. ಪವರ್ ಸಪ್ಲೈ, ಫ್ಯಾನ್, ನೆಟ್‌ವರ್ಕ್ ಸ್ವಿಚ್ ಮಾತ್ರ ಎಲ್ಲಕ್ಕೂ ಸೇರಿದ್ದು, ವಠಾರದ ಮನೆಗಳಿಗೆಲ್ಲ ಒಂದೇ ನೀರಿನ ತೊಟ್ಟಿ ಇದ್ದಂತೆ. ಅಮೆರಿಕದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ 2001ರಲ್ಲಿ ಇಂಥ ಸರ್ವರ್‌ಗಳನ್ನು ಮಾರುಕಟ್ಟೆಗೆ ತಂದಿತು. 2006ರಲ್ಲಿ ಬಂದ ಎಚ್‌ಪಿಯ ಸಿ7000 ಚಾಸಿ ರ‍್ಯಾಕ್‌ನಲ್ಲಿ 10 ಯೂನಿಟ್, ಅಂದರೆ ಸುಮಾರು 44 ಸೆಂಟಿಮೀಟರ್ ಎತ್ತರ ಹಿಡಿಯುತ್ತದೆ. ಅಷ್ಟರಲ್ಲೇ 16 ಬ್ಲೇಡ್‌ಗಳು, 6 ಪವರ್ ಸಪ್ಲೈ, 10 ಫ್ಯಾನ್‌ಗಳು ಸೇರುತ್ತವೆ.

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದಂಥ ಊರುಗಳ ಜನ ಇಂಥ ಪೆಟ್ಟಿಗೆಯನ್ನು ಕಣ್ಣಾರೆ ಕಾಣುವ ಸಂದರ್ಭ ಕಡಿಮೆ. ಆದರೆ ಅವರ ಹೊಲದ ದಾಖಲೆ ಡೇಟಾ ಸೆಂಟರನ್ನು ನಂಬಿದೆ. 2000ದ ಆಸುಪಾಸಿನಲ್ಲಿ ಭೂದಾಖಲೆಗಳನ್ನು ಗಣಕಕ್ಕೇರಿಸುವ ಭೂಮಿ ಯೋಜನೆ ರಾಜ್ಯದ ತಾಲ್ಲೂಕುಗಳಿಗೆ ಹರಡಿದಾಗ ಪಹಣಿಯ ಗಣಕ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇತ್ತು. ರೈತರು 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುತ್ತಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ, ಕರೆಂಟ್ ಹೋಗಿ ಬರುವ ಕಚೇರಿಯ ಒಂದು ಕೋಣೆಯಲ್ಲಿ ಸರ್ವರ್ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಸೇರಿದವು. ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳನ್ನು ರಾಜ್ಯ ಸರ್ಕಾರದ ಕೆಸ್ವಾನ್ ಜಾಲ ರಾಜಧಾನಿಗೆ ಜೋಡಿಸಿತು. ಸರ್ವರ್ ಕಾಯುವ ಹೊಣೆ ತಾಲ್ಲೂಕಿನಿಂದ ಇಳಿಯಿತು, ಆದರೆ ಒಂದು ಕಡೆಯ ದೋಷ ಹಲವು ತಾಲ್ಲೂಕುಗಳನ್ನು ಒಟ್ಟಿಗೆ ತಟ್ಟುವ ಸಾಧ್ಯತೆ ಬೆಳೆಯಿತು. ನಾಡಕಚೇರಿಯ ಕಿಟಕಿಯಲ್ಲಿ ಕೇಳಿಬರುವ ‘ಸರ್ವರ್ ಡೌನ್’ ಎಂಬ ಮಾತಿನ ಹಿಂದೆ ಸ್ಥಳೀಯ ಕೇಬಲ್, ಜಾಲ, ತಂತ್ರಾಂಶ, ಯಂತ್ರ ಯಾವುದೂ ಇರಬಹುದು. ಯಂತ್ರದ ಪಾಲನ್ನು ಆದಷ್ಟು ಕಡಿಮೆ ಮಾಡುವುದೇ ಚಾಸಿ ನಿರ್ವಹಣೆಯ ಗುರಿ.

ಇಂದಿನ ಕೇಂದ್ರಗಳಲ್ಲಿ ಒಂದು ಬ್ಲೇಡ್ ಒಂದೇ ಕೆಲಸಕ್ಕೆ ಮೀಸಲಾಗಿರುವುದು ಅಪರೂಪ. ಅದರ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ ಕೂತು, ಹಲವು ವರ್ಚುವಲ್ ಯಂತ್ರಗಳಿಗೆ, ಅಂದರೆ ತಂತ್ರಾಂಶದಲ್ಲೇ ರೂಪುಗೊಂಡ ಗಣಕಗಳಿಗೆ, ಆಸರೆ ಕೊಡುತ್ತದೆ. ಆಗ ಆ ಬ್ಲೇಡ್ ಹೋಸ್ಟ್ ಎನಿಸುತ್ತದೆ. ಹಲವು ಹೋಸ್ಟ್‌ಗಳು ಸೇರಿದರೆ ಕ್ಲಸ್ಟರ್. ಒಂದು ಹೋಸ್ಟ್ ಕೆಟ್ಟರೆ ಅದರ ಮೇಲಿದ್ದ ವರ್ಚುವಲ್ ಯಂತ್ರಗಳು ಉಳಿದವುಗಳ ಮೇಲೆ ಮತ್ತೆ ಎದ್ದುನಿಲ್ಲುತ್ತವೆ. ಇಲ್ಲೊಂದು ಮೋಸಹೋಗುವ ಜಾಗವಿದೆ. ಕ್ಲಸ್ಟರ್‌ನ ಎಲ್ಲ ಹೋಸ್ಟ್‌ಗಳೂ ಒಂದೇ ಚಾಸಿಯಲ್ಲಿದ್ದರೆ, ಚಾಸಿಗೆ ಏಟು ಬಿದ್ದ ದಿನ ಆಸರೆ ಕೊಡಲು ಯಾರೂ ಉಳಿಯುವುದಿಲ್ಲ. ಕಾಗದದ ಮೇಲೆ ಎಂಟು ಹೋಸ್ಟ್‌ಗಳ ಭದ್ರತೆ ಕಂಡರೂ ನಿಜದಲ್ಲಿ ಇರುವುದು ಒಂದೇ ಪೆಟ್ಟಿಗೆ. ಆದ್ದರಿಂದ ಕ್ಲಸ್ಟರನ್ನು ಎರಡಾದರೂ ಚಾಸಿಗಳಿಗೆ, ಸಾಧ್ಯವಾದರೆ ಎರಡು ರ‍್ಯಾಕ್‌ಗಳಿಗೆ ಹಂಚಬೇಕು. ಯಾವ ಹೋಸ್ಟ್ ಯಾವ ಚಾಸಿಯ ಎಷ್ಟನೆಯ ಸ್ಲಾಟ್‌ನಲ್ಲಿದೆ ಎಂಬ ಪಟ್ಟಿ ಸದಾ ಸರಿಯಾಗಿರಬೇಕು. ಪಟ್ಟಿ ತಪ್ಪಿದರೆ ಕೆಟ್ಟ ಬ್ಲೇಡ್ ಉಳಿದು, ಓಡುತ್ತಿರುವ ಬ್ಲೇಡ್ ಹೊರಬರುತ್ತದೆ.

ಮೇಲ್ವಿಚಾರಣೆ ಎರಡು ಹಂತದಲ್ಲಿ ನಡೆಯುತ್ತದೆ. ಪ್ರತಿ ಬ್ಲೇಡ್‌ನಲ್ಲಿ ಬಿಎಂಸಿ ಎಂಬ ಪುಟ್ಟ ಸ್ವತಂತ್ರ ಗಣಕವಿದ್ದು, ಬ್ಲೇಡ್ ಆಫ್ ಆಗಿದ್ದಾಗಲೂ ಅದರ ಉಷ್ಣಾಂಶ, ವೋಲ್ಟೇಜ್, ದೋಷಗಳ ಲಾಗ್ ತಿಳಿಸುತ್ತದೆ. ದೂರದಿಂದಲೇ ಆನ್-ಆಫ್ ಮಾಡಲು ಬಿಡುತ್ತದೆ. ಚಾಸಿಯಲ್ಲಿರುವ ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಫ್ಯಾನ್, ಪವರ್ ಸಪ್ಲೈ, ಸ್ವಿಚ್‌ಗಳನ್ನು ನೋಡಿಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಇದನ್ನು ಜೋಡಿಯಾಗಿ ಇಡುತ್ತಾರೆ. ಇವುಗಳೊಡನೆ ಮಾತಾಡುವ ಸಾಮಾನ್ಯ ಭಾಷೆಯಾಗಿ 1998ರಲ್ಲಿ ಐಪಿಎಂಐ, 2015ರಲ್ಲಿ ರೆಡ್‌ಫಿಶ್ ಬಂದವು. ಈ ದಾರಿ ಹಿಡಿದವರ ಕೈಗೆ ಇಡೀ ಯಂತ್ರವೇ ಸಿಗುವುದರಿಂದ ಇದಕ್ಕೆ ಪ್ರತ್ಯೇಕ ಜಾಲ ಬೇಕು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಬ್ಲೇಡ್ ಬದಲಿಸುವಾಗ ಇನ್ನೊಂದು ತೊಡಕಿದೆ. ನೆಟ್‌ವರ್ಕ್ ಮತ್ತು ಸ್ಟೋರೇಜ್ ಜಾಲಗಳು ಸರ್ವರನ್ನು ಅದರ ಕಾರ್ಡ್‌ನ ವಿಳಾಸದಿಂದ ಗುರುತಿಸುತ್ತವೆ. ಹೊಸ ಬ್ಲೇಡ್ ಬಂದರೆ ವಿಳಾಸವೂ ಹೊಸದು, ಹಾಗಾಗಿ ಎಲ್ಲ ಕಡೆ ಮತ್ತೆ ಅನುಮತಿ ಬರೆಯಬೇಕಾಗುತ್ತಿತ್ತು. ಸಿಸ್ಕೊ 2009ರಲ್ಲಿ ತಂದ ಯುಸಿಎಸ್ ಈ ಗುರುತನ್ನು ಯಂತ್ರದಿಂದ ಬಿಡಿಸಿ, ಸರ್ವಿಸ್ ಪ್ರೊಫೈಲ್ ಎಂಬ ದಾಖಲೆಯಲ್ಲಿ ಇಟ್ಟಿತು. ಎಚ್‌ಪಿಯ ವರ್ಚುವಲ್ ಕನೆಕ್ಟ್ ಕೂಡ ಇದೇ ಕೆಲಸ ಮಾಡುತ್ತದೆ. ಪ್ರೊಫೈಲನ್ನು ಬದಲಿ ಬ್ಲೇಡ್‌ಗೆ ಅಂಟಿಸಿದರೆ ಅದು ಹಳೆಯದರ ಗುರುತಿನಲ್ಲೇ ಎದ್ದೇಳುತ್ತದೆ. ಚಾಸಿ ಕೊಡುವ ಅನುಕೂಲಗಳಲ್ಲಿ ದೊಡ್ಡದು ಇದೇ. ಜಾಗದ ಉಳಿತಾಯ ಇದರ ಮುಂದೆ ಚಿಕ್ಕದು.

ಯಂತ್ರದ ಭಾಗಗಳೊಳಗೇ ಇರುವ ತಂತ್ರಾಂಶವಾದ ಫರ್ಮ್‌ವೇರ್ ಹೊಸದಾಗಿಸುವಾಗ ಆತುರ ಸಲ್ಲದು. ಯಾವುದಾದ ಮೇಲೆ ಯಾವುದು ಎಂದು ತಯಾರಕರು ಹೇಳಿದ ಅನುಕ್ರಮ ತಪ್ಪಿಸಬಾರದು. ಮೊದಲು ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಅದರ ವರ್ಚುವಲ್ ಯಂತ್ರಗಳನ್ನು ಬೇರೆಡೆ ಸಾಗಿಸಿ, ಖಾಲಿಯಾದ ಮೇಲಷ್ಟೇ ಕೈ ಹಾಕಬೇಕು. ಅದು ಮರಳಿ ಕ್ಲಸ್ಟರ್ ಸೇರಿದ ಬಳಿಕ ಮುಂದಿನದು. ಇದಕ್ಕಾಗಿ ಒಂದು ಹೋಸ್ಟ್‌ನಷ್ಟು ಶಕ್ತಿ ಯಾವಾಗಲೂ ಬಿಡುವಾಗಿರಬೇಕು. ಚಾಸಿಯ ಎರಡು ಸ್ವಿಚ್‌ಗಳನ್ನು ಎಂದೂ ಒಟ್ಟಿಗೆ ಮುಟ್ಟಬಾರದು. ಮುಂಗಾರಿಗೆ ಮುನ್ನ ಬೆಳೆ ಸಾಲಕ್ಕೆಂದು ದೇವದುರ್ಗದ ರೈತ ಪಹಣಿಗೆ ಸಾಲಿನಲ್ಲಿ ನಿಲ್ಲುವ ದಿನಗಳಲ್ಲಿ ಇಂಥ ಕೆಲಸ ಇಟ್ಟುಕೊಳ್ಳದಿರುವುದು ಒಳ್ಳೆಯ ನಿರ್ವಾಹಕರ ಲಕ್ಷಣ.

ಪವರ್ ಸಪ್ಲೈಗಳನ್ನು ಎರಡು ಪಾಲು ಮಾಡಿ, ಎರಡು ಬೇರೆ ಯುಪಿಎಸ್ ಮಾರ್ಗಗಳಿಗೆ ಕೊಡಬೇಕು. ಒಂದು ಮಾರ್ಗ ಕಡಿದರೂ ಉಳಿದರ್ಧ ಪೂರ್ತಿ ಹೊರೆ ಹೊರುವಂತಿರಬೇಕು. 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಕ್ತಿನಗರದ ಸ್ಥಾವರ ರಾಯಚೂರಿನ ಪಕ್ಕದಲ್ಲೇ ಇದ್ದರೂ, ನಗರದ ಸಣ್ಣ ಸರ್ವರ್ ಕೋಣೆಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ಸರ್ವರ್ ಒಳಗೆಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎಂಬುದು ಹವಾನಿಯಂತ್ರಣ ಎಂಜಿನಿಯರ್‌ಗಳ ಆಶ್ರೇ ಸಂಸ್ಥೆಯ ಶಿಫಾರಸು. ಖಾಲಿ ಸ್ಲಾಟ್‌ಗಳಿಗೆ ಮುಚ್ಚಳ ಹಾಕದಿದ್ದರೆ ತಂಪು ಗಾಳಿ ಅಲ್ಲಿಂದಲೇ ಸೋರಿ, ಪಕ್ಕದ ಬ್ಲೇಡ್‌ಗಳು ಬಿಸಿಯಾಗುತ್ತವೆ.

ಚಾಸಿಯ ಆಯುಷ್ಯ ಮುಗಿದಾಗ ಹೋಸ್ಟ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ ಕ್ಲಸ್ಟರ್‌ನಿಂದ ಬಿಡಿಸುತ್ತಾರೆ. ಪ್ರೊಫೈಲ್‌ಗಳನ್ನೂ ಸ್ಟೋರೇಜ್ ಅನುಮತಿಗಳನ್ನೂ ತೆಗೆದುಹಾಕುತ್ತಾರೆ. ಬ್ಲೇಡ್‌ನೊಳಗಿನ ಡಿಸ್ಕ್‌ಗಳನ್ನು ಮತ್ತೆ ಓದಲಾಗದಂತೆ ಅಳಿಸಿದ ಮೇಲೆಯೇ ಪೆಟ್ಟಿಗೆಯನ್ನು ರ‍್ಯಾಕ್‌ನಿಂದ ಇಳಿಸಿ, ಆಸ್ತಿ ಪಟ್ಟಿಯಿಂದ ಹೊಡೆದುಹಾಕುತ್ತಾರೆ.