ಕಿವಿಗೊಟ್ಟು ಓದಿದ ಕಾದಂಬರಿ

‘ಅಯ್ಯೋ ದೇವ್ರೇ!’

ದುದ್ದ ದಾಟಿದ ಬಸ್ಸಿನಲ್ಲಿ ನಾನು ಕೂಗಿದ ಕೂಗಿಗೆ ಅರ್ಧ ಬಸ್ಸು ತಿರುಗಿ ನೋಡಿತು. ‘ಏನಾಯ್ತಮ್ಮಾ, ಪರ್ಸ್ ಹೋಯ್ತಾ?’ ಎನ್ನುತ್ತ ಕಂಡಕ್ಟರ್ ಜನರ ನಡುವೆ ನುಗ್ಗಿಕೊಂಡು ಬಂದರು. ಇಯರ್‌ಫೋನ್ ಕಿತ್ತು, ‘ಏನಿಲ್ಲ ಸರ್’ ಎಂದೆ. ಕೊಲೆ ಮಾಡಿದ್ದು ಯಾರು ಅಂತ ಈಗಷ್ಟೇ ಗೊತ್ತಾಯ್ತು ಎಂದು ಅವರಿಗೆ ಹೇಗೆ ಹೇಳಲಿ?

ನಾನು ದಿನಾ ಅರಸೀಕೆರೆಯಿಂದ ಹಾಸನಕ್ಕೆ ಹೋಗಿ ಬರುವ ಬಿ.ಇ. ವಿದ್ಯಾರ್ಥಿನಿ. ಹೋಗಲು ಒಂದು ಗಂಟೆಗೂ ಹೆಚ್ಚು, ಬರಲು ಅಷ್ಟೇ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಆದರೆ ಸೀಟು ಸಿಗುವುದು ಅಪರೂಪವಾಯಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು. ಪುಸ್ತಕ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು?

ಆಡಿಯೊ ಬುಕ್ ಕೇಳಲು ಶುರು ಮಾಡಿದ್ದು ಕಥೆಯ ಆಸೆಗಲ್ಲ, ಭಯಕ್ಕೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್‌ನಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಜೋಕ್ ಹೇಳಿದಾಗ ಪಕ್ಕದವಳು ನಕ್ಕ ಮೇಲೆ ನಾನು ನಗುತ್ತಿದ್ದೆ. ಓದಿದರೆ ಅರ್ಥವಾಗುತ್ತಿತ್ತು, ಕೇಳಿದರೆ ಆಗುತ್ತಿರಲಿಲ್ಲ. ‘ಇಂಗ್ಲಿಷ್ ಕೇಳು, ಏನಾದ್ರೂ ಕೇಳು’ ಎಂದರು ಸೀನಿಯರ್ ಅಕ್ಕ. ಸುದ್ದಿ ಹಾಕಿದೆ, ಎರಡೇ ದಿನಕ್ಕೆ ಬೇಸರವಾಯಿತು. ಭಾಷಣ ಹಾಕಿದೆ, ನಿದ್ದೆ ಬಂತು. ಕೊನೆಗೆ ಪೌಲಾ ಹಾಕಿನ್ಸ್ ಬರೆದ ‘ದಿ ಗರ್ಲ್ ಆನ್ ದಿ ಟ್ರೇನ್’ ಹಾಕಿದೆ. 2015ರ ಥ್ರಿಲ್ಲರ್. ದಿನಾ ಲಂಡನ್ನಿಗೆ ರೈಲಿನಲ್ಲಿ ಓಡಾಡುವ ಹೆಣ್ಣೊಬ್ಬಳು ಕಿಟಕಿಯಿಂದ ಕಂಡ ದಂಪತಿಯ ಬಗ್ಗೆ ಮನಸ್ಸಿನಲ್ಲೇ ಕಥೆ ಕಟ್ಟುತ್ತಾಳೆ. ಒಂದು ದಿನ ಆ ಹೆಂಡತಿ ಕಾಣೆಯಾಗುತ್ತಾಳೆ. ನನ್ನದೇ ಪ್ರಯಾಣದಂಥ ಪ್ರಯಾಣ!

ಮೊದಲ ದಿನ ಅರ್ಧ ತಲೆಗೆ ಹೋಗಲಿಲ್ಲ. ವೇಗವನ್ನು 0.75ಕ್ಕೆ ಇಳಿಸಿದೆ, ಹತ್ತತ್ತು ನಿಮಿಷ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಆ ಕಥೆ ಹೇಳುವವರು ಮೂವರು ಹೆಂಗಸರು. ಆಡಿಯೊದಲ್ಲಿ ಮೂವರಿಗೂ ಬೇರೆ ಬೇರೆ ದನಿ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಪತ್ತೆ ಮಾಡುವ ಹಟದಲ್ಲಿ ಭಾಷೆ ಯಾವಾಗ ಒಳಗೆ ಇಳಿಯಿತೋ ತಿಳಿಯಲಿಲ್ಲ. ಇನ್ನೊಂದು ವಿಷಯ. ಪುಸ್ತಕವಾದರೆ ತಾಳ್ಮೆ ಕೆಟ್ಟು ಕೊನೆಯ ಪುಟ ತಿರುವಿ ನೋಡುತ್ತಿದ್ದೆ. ಕೇಳುವಾಗ ಹಾಗೆ ಕದಿಯುವ ಮನಸ್ಸು ಬರಲಿಲ್ಲ. ಓದುವವಳು ಬಾಯಿ ಬಿಡುವವರೆಗೂ ಕಾದೆ. ಅದಕ್ಕೇ ಬಸ್ಸಿನಲ್ಲಿ ಆ ಕೂಗು.

ಆಮೇಲೆ ಎಮಿಲಿ ಹೆನ್ರಿಯ ಪ್ರೇಮಕಥೆ ‘ಬೀಚ್ ರೀಡ್’ ಕೇಳಿದೆ. ಜೂಲಿಯಾ ವೀಲನ್ ಅವರ ದನಿ. ಮುಂದೆ ‘ಗಾನ್ ಗರ್ಲ್’ ಹಾಕಿದರೆ ಅಲ್ಲೂ ಹೆಂಡತಿಯ ಪಾತ್ರಕ್ಕೆ ಅದೇ ದನಿ! ಅಲ್ಲಿ ಮನಸ್ಸು ಅರಳಿಸಿದವರೇ ಇಲ್ಲಿ ಬೆನ್ನಹುರಿಯಲ್ಲಿ ಚಳಿ ಹುಟ್ಟಿಸಿದರು. ಓದುವುದೂ ಒಂದು ನಟನೆ ಎಂದು ಅವತ್ತು ತಿಳಿಯಿತು.

‘ಇದೆಲ್ಲ ಓದೇ ಅಲ್ಲ, ಸೋಮಾರಿಗಳ ಕೆಲಸ’ ಎಂದು ಗೆಳೆಯರು ರೇಗಿಸುತ್ತಾರೆ. ಬ್ರಿಟನ್ನಿನಲ್ಲಿ ‘ಟಾಕಿಂಗ್ ಬುಕ್’ ಶುರುವಾಗಿದ್ದು 1935ರಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಂಥವರಿಗಾಗಿ. ಗ್ರಾಮಫೋನ್ ತಟ್ಟೆಗಳಲ್ಲಿ ಬಂದ ಆ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಇತ್ತು. ಎಲ್ಲ ಕಳೆದುಕೊಂಡವರಿಗೂ ‘ಮುಂದೇನಾಯ್ತು’ ಎಂಬ ಕುತೂಹಲ ಇರುತ್ತದಲ್ಲ! ಪುಟ ಮುಚ್ಚಿಹೋದವರಿಗೆ ತೆರೆದ ಬಾಗಿಲು ಇದು. ಅದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಥವರೊಬ್ಬರು ನಮ್ಮ ಮನೆಯಲ್ಲೇ ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು. ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಣ್ಣು ಸೂಜಿಯ ಮೇಲೆ, ಕಾಲು ಮಿಷನ್ ಮೇಲೆ. ನನ್ನ ಫೀಸಿನ ಅರ್ಧ ಆ ಮಿಷನ್ನಿನದೇ. ಒಂದು ಸಂಜೆ ಬಟನ್ ಹಚ್ಚಲು ಕೂತವಳು ‘ಬೀಚ್ ರೀಡ್’ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ‘ಆಮೇಲೆ?’ ‘ಆಮೇಲೆ?’ ಎಂದು ಕೇಳುತ್ತಾ ಕೇಳುತ್ತಾ, ‘ನಂಗೂ ಒಂದು ಕಾದಂಬರಿ ಅರ್ಧಕ್ಕೇ ನಿಂತೋಯ್ತು ಕಣೇ’ ಎಂದಳು. ತೇಜಸ್ವಿಯವರ ‘ಜುಗಾರಿ ಕ್ರಾಸ್’. ಮದುವೆಗೆ ಮುಂಚೆ ಲೈಬ್ರರಿಯಿಂದ ತಂದಿದ್ದಂತೆ. ಮದುವೆ ಗಡಿಬಿಡಿಯಲ್ಲಿ ವಾಪಸ್ ಕೊಟ್ಟಿದ್ದಂತೆ. ಆಮೇಲೆ ಇಪ್ಪತ್ತು ವರ್ಷ ಯಾವ ಕಾದಂಬರಿಯನ್ನೂ ಮುಟ್ಟಿಲ್ಲ. ಅಮ್ಮ ಕಾದಂಬರಿ ಓದುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ!

ಕನ್ನಡದ ಆಡಿಯೊ ಪುಸ್ತಕಗಳೂ ಈಗ ಆ್ಯಪ್‌ಗಳಲ್ಲಿ ಸಿಗುತ್ತವೆ, ಹುಡುಕಿ ಹಾಕಿಕೊಡುತ್ತೇನೆ ಎಂದೆ. ‘ಅದೆಲ್ಲ ಆಮೇಲೆ. ಇದನ್ನ ನೀನೇ ಓದಿ ಹಾಕು’ ಎಂದಳು.

ಪುಸ್ತಕ ತಂದು, ಬೀರು ಬಾಗಿಲು ತೆಗೆದು, ಸೀರೆಗಳ ನಡುವೆ ಫೋನ್ ಇಟ್ಟು ಕೂತೆ. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ಮಾರ್ದನಿಸುವುದಿಲ್ಲ. ಕುಕ್ಕರ್ ವಿಷಲ್, ಆಟೊ ಹಾರ್ನ್, ನನ್ನದೇ ತೊದಲು. ಹತ್ತು ಪುಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ಏಲಕ್ಕಿ ಬೆಳೆಯುವ ಸುರೇಶ, ಗೌರಿ ದಂಪತಿ ಒಂದೇ ದಿನದಲ್ಲಿ ಸಿಕ್ಕಿಬೀಳುವ ಜಾಲದ ಕಥೆ ಅದು. ಮುಂದೇನಾಗುತ್ತದೆ ಎಂದು ಓದುವವಳಿಗೆ ಮೊದಲೇ ಗೊತ್ತಿರಬೇಕು, ಆದರೆ ದನಿಯಲ್ಲಿ ಅದು ಗೊತ್ತಾಗಬಾರದು. ಕಷ್ಟ ಅಂದರೆ ಇದೇ. ಗಂಡಿನ ಮಾತಿಗೆ ದನಿ ದಪ್ಪ ಮಾಡಿದರೆ ನಾಟಕವಾಗುತ್ತಿತ್ತು. ವೇಗ ಸ್ವಲ್ಪ ಬದಲಿಸಿದರೆ ಸಾಕು ಎಂದು ಮೂರನೇ ದಿನ ತಿಳಿಯಿತು. ಇದು ಅಮ್ಮನ ಫೋನಿಗೆ ಮಾತ್ರ, ಯಾರಿಗೂ ಕಳಿಸುವುದಿಲ್ಲ. ಬರೆದವರ ಹಕ್ಕು ಅವರದು.

ಇಂಟರ್ವ್ಯೂಗೆ ತಯಾರಾಗುವ ಗೆಳೆಯರಿಗೆ ಒಂದು ಮಾತು. ಇಂಗ್ಲಿಷ್ ಕಿವಿಗೆ ಹತ್ತಬೇಕೆಂದರೆ ನಿಮಗೆ ಇಷ್ಟವಾಗುವ ಕಥೆಯಿಂದಲೇ ಶುರು ಮಾಡಿ. ದುಡ್ಡಿಲ್ಲದಿದ್ದರೆ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಕಾದಂಬರಿಗಳು ಉಚಿತ, ಸ್ವಯಂಸೇವಕರೇ ಓದಿರುತ್ತಾರೆ. ಆದರೆ ಸಿಗ್ನಲ್ಸ್ ಪಾಠ ಕಿವಿಯಲ್ಲಿ ಮುಗಿಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಪೆನ್ನು, ಹಾಳೆಯೇ ಬೇಕು!

ಈಗ ನಾನು ಒಳಕೋಣೆಯಲ್ಲಿ ಓದುತ್ತಿರುತ್ತೇನೆ, ಅಮ್ಮ ಹೊರಗೆ ಇಯರ್‌ಫೋನ್ ಹಾಕಿಕೊಂಡು ಹೊಲಿಯುತ್ತಿರುತ್ತಾಳೆ. ಒಮ್ಮೊಮ್ಮೆ ಮಿಷನ್ ಸದ್ದು ಥಟ್ಟನೆ ನಿಲ್ಲುತ್ತದೆ. ದಾರ ಕಡಿದಿದೆ ಎಂದು ಮೊದಲು ಅಂದುಕೊಂಡಿದ್ದೆ. ಇಣುಕಿದರೆ, ಕೈ ಬಟ್ಟೆಯ ಮೇಲೆ ಹಾಗೇ ನಿಂತಿರುತ್ತದೆ.

ಮೊನ್ನೆ ಇಂಟರ್ನಲ್ಸ್ ಇದ್ದುದರಿಂದ ಎರಡು ದಿನ ರೆಕಾರ್ಡ್ ಮಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅನ್ನ ಬಡಿಸುತ್ತಾ ಕೇಳಿದಳು, ‘ಪರೀಕ್ಷೆ ಯಾವತ್ತು ಮುಗಿಯುತ್ತೆ?’

ನನ್ನ ಮಾರ್ಕ್ಸಿನ ಚಿಂತೆಯಿಂದ ಕೇಳಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.